ಮಂಡಿಗೆ ಚುಚ್ಚಿದರೆ ಕಾರ್ಟಿಲೇಜ್ ಬೆಳೆಯುತ್ತಾ? ರೀಜನರೇಟಿವ್ ಚಿಕಿತ್ಸೆಯ ಭರವಸೆ ಮತ್ತು ಪುರಾವೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲಿ ನೋಡಿದರೂ ಈಗ ಎರಡು ಬಗೆಯ ಜಾಹೀರಾತು ಕಣ್ಣಿಗೆ ಬೀಳುತ್ತವೆ. ಒಂದು, ಆಪರೇಷನ್ ಇಲ್ಲದೆ ಮಂಡಿನೋವು ವಾಸಿ ಮಾಡುತ್ತೇವೆ ಎನ್ನುವುದು. ಇನ್ನೊಂದು, ನಿಮ್ಮದೇ ರಕ್ತದಿಂದ ಮುಖದ ಸುಕ್ಕು ಹೋಗಿಸುತ್ತೇವೆ ಎನ್ನುವುದು. ಒಂದು ಅರವತ್ತು ದಾಟಿದವರನ್ನು ಕರೆಯುತ್ತದೆ, ಇನ್ನೊಂದು ಮೂವತ್ತು ದಾಟಿದವರನ್ನು. ಎರಡೂ ಕಡೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ರಿಪೇರಿ ಮಾಡಿಕೊಳ್ಳುವ ಶಕ್ತಿ ನಿಮ್ಮ ದೇಹದಲ್ಲೇ ಇದೆ, ನಾವು ಅದನ್ನು ಎಬ್ಬಿಸುತ್ತೇವೆ ಅಷ್ಟೇ. ಪಿಆರ್‌ಪಿ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್, ಎಕ್ಸೋಸೋಮ್ ಎಲ್ಲವೂ ರೀಜನರೇಟಿವ್ ಮೆಡಿಸಿನ್ (ಅಂಗಾಂಶವನ್ನು ಮತ್ತೆ ಬೆಳೆಸುವ ಚಿಕಿತ್ಸೆ) ಎಂಬ ಒಂದೇ ಹೆಸರಿನಡಿ ಮಾರಾಟವಾಗುತ್ತಿವೆ.

ಈ ಮಾತು ಪೂರ್ತಿ ಸುಳ್ಳಲ್ಲ. ತೊಡಕಿರುವುದೂ ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭ ಇತ್ತು. ನಿಜವಾಗಿ ಅಂಗಾಂಶ ಬೆಳೆಸಿ ಕೊಡುವ ಚಿಕಿತ್ಸೆಗಳು ಜಗತ್ತಿನಲ್ಲಿವೆ. ನೋವನ್ನು ಒಂದಷ್ಟು ದಿನ ಇಳಿಸಬಲ್ಲ ಚಿಕಿತ್ಸೆಗಳೂ ಇವೆ. ಏನನ್ನೂ ಸಾಬೀತು ಮಾಡದೆ ದುಡ್ಡು ಎತ್ತುವ ಚಿಕಿತ್ಸೆಗಳೂ ಇವೆ. ಈ ಮೂರನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿದಾಗ ಮೊದಲನೆಯದರ ಗೌರವ ಮೂರನೆಯದಕ್ಕೂ ಸಿಕ್ಕಿಬಿಡುತ್ತದೆ. ನೋವು ಕಡಿಮೆಯಾಗುವುದು ಬೇರೆ, ಸವೆದುಹೋದದ್ದು ಮತ್ತೆ ಬೆಳೆಯುವುದು ಬೇರೆ. ಜನ ಎರಡನೆಯದಕ್ಕೆ ದುಡ್ಡು ಕೊಡುತ್ತಿದ್ದಾರೆ. ಹೆಚ್ಚೆಂದರೆ ಅವರಿಗೆ ಸಿಗುತ್ತಿರುವುದು ಮೊದಲನೆಯದು.

ನಿಜವಾಗಿ ಬೆಳೆದದ್ದು

1975ರಲ್ಲಿ ಅಮೆರಿಕದಲ್ಲಿ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯನ ಚರ್ಮದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ವಿಧಾನ ಕಂಡುಹಿಡಿದರು. 1983ರಲ್ಲಿ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಮೈಯ ಬಹುಪಾಲು ಚರ್ಮ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಉಳಿದಿದ್ದ ಚೂರು ಚರ್ಮವನ್ನೇ ತೆಗೆದು, ಹಾಳೆ ಹಾಳೆಯಾಗಿ ಬೆಳೆಸಿ, ಮೈಗೆ ಹೊದಿಸಿದರು. ಇಬ್ಬರೂ ಬದುಕಿದರು. 2015ರಲ್ಲಿ ಜರ್ಮನಿಯ ಬೋಕುಮ್ ನಗರದಲ್ಲಿ ಸಿರಿಯಾ ಮೂಲದ ಹುಡುಗನೊಬ್ಬನಿಗೆ ಇದರ ಮುಂದಿನ ಹಂತ ಸಾಧ್ಯವಾಯಿತು. ಮುಟ್ಟಿದರೆ ಸುಲಿದುಹೋಗುವ ಚರ್ಮದ ರೋಗ ಅವನಿಗೆ ಹುಟ್ಟಿನಿಂದಲೇ ಇತ್ತು. ಅವನ ಕೋಶಗಳ ಜೀನ್ ತಿದ್ದಿ, ಚರ್ಮ ಬೆಳೆಸಿ, ಮೈಯ ಸುಮಾರು ಶೇ. 80 ಭಾಗಕ್ಕೆ ಕಸಿ ಮಾಡಿದರು.

ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇನ್ನೊಂದು ಉದಾಹರಣೆ ಇದೆ. ಎಲೆಅಡಿಕೆಯ ಜೊತೆ ಬಳಸುವ ಸುಣ್ಣದ ಪಾಕೀಟು ಸಿಡಿದು ಮಕ್ಕಳ ಕಣ್ಣು ಸುಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಸುಟ್ಟ ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿರುವ ಸ್ಟೆಮ್ ಸೆಲ್‌ಗಳು ಸತ್ತರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮಬ್ಬಾಗುತ್ತದೆ. ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು ಚೆನ್ನಾಗಿರುವ ಕಣ್ಣಿನಿಂದ ಚೂರು ಅಂಗಾಂಶ ತೆಗೆದು, ಸುಟ್ಟ ಕಣ್ಣಿಗೆ ಕಸಿ ಮಾಡುವ ಸರಳ ವಿಧಾನವೊಂದನ್ನು 2012ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ದೇಶಗಳಲ್ಲೂ ಅದನ್ನು ಮಾಡುತ್ತಿದ್ದಾರೆ. ಇನ್ನು ಅಸ್ಥಿಮಜ್ಜೆ ಕಸಿ ನಮ್ಮಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1983ರಲ್ಲೇ ಶುರುವಾಯಿತು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಇರುವವರಿಗೆ ಅದು ಜೀವ ಕೊಡುವ ಚಿಕಿತ್ಸೆ.

ಇವೆಲ್ಲದರಲ್ಲಿ ಒಂದು ಸಾಮ್ಯ ಇದೆ. ಯಾವ ಕೋಶ ಬೇಕು ಎಂದು ಗೊತ್ತಿತ್ತು. ಅದನ್ನು ಎಲ್ಲಿ ಇಡಬೇಕು, ಅದು ಅಲ್ಲಿ ಏನು ಮಾಡಬೇಕು ಎಂಬುದೂ ಗೊತ್ತಿತ್ತು. ಬೆಳೆದದ್ದನ್ನು ಕಣ್ಣಾರೆ ನೋಡಿ ಅಳೆಯಬಹುದಿತ್ತು. ಮಂಡಿಗೆ ಚುಚ್ಚುವ ಇಂಜೆಕ್ಷನ್ನನ್ನು, ಮುಖಕ್ಕೆ ಹಚ್ಚುವ ಸೀರಮ್ಮನ್ನು ಇದೇ ಅಳತೆಗೋಲಿನಿಂದ ನೋಡೋಣ.

ಮಂಡಿಯಲ್ಲಿ ಆಗುವುದೇನು

ಮಂಡಿನೋವಿಗೆ ಎಕ್ಸ್‌ರೇ ತೆಗೆಸಿದರೆ 'ಗ್ಯಾಪ್ ಕಮ್ಮಿ ಆಗಿದೆ, ಸವೆದಿದೆ' ಎನ್ನುತ್ತಾರೆ. ಮನೆಗೆ ಬರುವಷ್ಟರಲ್ಲಿ ಅದು 'ಗ್ರೀಸ್ ಖಾಲಿಯಾಗಿದೆ' ಎಂದಾಗಿರುತ್ತದೆ. ಎಲುಬಿನ ತುದಿಗೆ ಹೊದಿಕೆಯಂತೆ ಇರುವ ನುಣುಪಾದ ಪದರ ಕಾರ್ಟಿಲೇಜ್. ಅದರಲ್ಲಿ ರಕ್ತನಾಳ ಇಲ್ಲ, ನರ ಇಲ್ಲ. ಕೈ ಕೊಯ್ದುಕೊಂಡರೆ ಗಾಯ ಮಾಯುವುದು ರಕ್ತ ಅಲ್ಲಿಗೆ ಬರುವುದರಿಂದ. ಕಾರ್ಟಿಲೇಜಿಗೆ ಆ ಅನುಕೂಲ ಇಲ್ಲ. ದೊಡ್ಡವರಾದ ಮೇಲೆ ಅದು ತಾನಾಗಿ ಸರಿಯಾಗುವುದು ತೀರಾ ಕಡಿಮೆ.

ಇದರ ಜೊತೆ ಇನ್ನೊಂದು ವಿಷಯ ಸೇರಿಸಿಕೊಳ್ಳಬೇಕು. ನರವೇ ಇಲ್ಲದ ಕಾರ್ಟಿಲೇಜು ನೇರವಾಗಿ ನೋಯುವುದಿಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಸೋತ ಸ್ನಾಯುಗಳಿಂದ. ತೂಕ, ನಿದ್ದೆ, ಮನಸ್ಸಿನ ಸ್ಥಿತಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಹಾಗಾಗಿಯೇ ಎಕ್ಸ್‌ರೇಯಲ್ಲಿ ಮಂಡಿ ತೀರಾ ಸವೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ಎಕ್ಸ್‌ರೇ ಚೆನ್ನಾಗಿದ್ದರೂ ಮೆಟ್ಟಿಲು ಹತ್ತಲಾಗದವರಿದ್ದಾರೆ. ಸವೆತವನ್ನು ತುಂಬಿದರೆ ನೋವು ಹೋಗುತ್ತದೆ ಎಂಬ ಲೆಕ್ಕ ಕೇಳಲು ಚೆನ್ನಾಗಿದೆ, ಆದರೆ ದೇಹ ಅಷ್ಟು ನೇರವಾಗಿಲ್ಲ.

ಇದು ಸಣ್ಣ ಸಂಖ್ಯೆಯ ಜನರ ಸಮಸ್ಯೆಯೂ ಅಲ್ಲ. ದೇಶದ ಐದು ಕಡೆ ಸಮೀಕ್ಷೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮಂಡಿಯ ಅಸ್ಥಿಸಂಧಿವಾತ, ಅಂದರೆ ಈ ಸವೆತದ ರೋಗ, ಶೇ. 28.7 ಜನರಲ್ಲಿ ಇದೆ ಎಂದಿತು. ಹೆಂಗಸರಲ್ಲಿ ಜಾಸ್ತಿ. ನೆಲದ ಮೇಲೆ ಕೂತು, ಎದ್ದು, ಬಗ್ಗಿ ಕೆಲಸ ಮಾಡುವ ನಮ್ಮ ಮನೆಗಳಲ್ಲಿ ಮಂಡಿ ಕೈಕೊಟ್ಟರೆ ಬದುಕೇ ಕಷ್ಟವಾಗುತ್ತದೆ. ಆಪರೇಷನ್ ಎಂದರೆ ಭಯ. ಆ ಭಯ ತಪ್ಪಲ್ಲ. ಅದಕ್ಕೇ 'ಆಪರೇಷನ್ ಬೇಡ' ಎಂಬ ಎರಡು ಪದಕ್ಕೆ ಅಷ್ಟು ಶಕ್ತಿ. ದೂರದೂರಿನಲ್ಲಿರುವ ಮಕ್ಕಳು ಅಮ್ಮನ ನೋವು ನೋಡಲಾಗದೆ, ಎಷ್ಟಾದರೂ ಆಗಲಿ ಎಂದು ದುಡ್ಡು ಕಳಿಸುತ್ತಾರೆ.

ಪಿಆರ್‌ಪಿ: ಉಪ್ಪುನೀರಿನ ಜೊತೆ ಹೋಲಿಸಿದಾಗ

ಪಿಆರ್‌ಪಿ ಎಂದರೆ ಪ್ಲೇಟ್ಲೆಟ್ ಜಾಸ್ತಿ ಇರುವ ಪ್ಲಾಸ್ಮಾ. ನಿಮ್ಮ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಕೆಂಪು ಕೋಶಗಳನ್ನು ಬೇರೆ ಮಾಡಿ, ಪ್ಲೇಟ್ಲೆಟ್ ತುಂಬಿದ ಹಳದಿ ದ್ರವವನ್ನು ಕೀಲಿಗೆ ಚುಚ್ಚುತ್ತಾರೆ. ಗಾಯ ಮಾಯಿಸಲು ಬೇಕಾದ ಕೆಲವು ಪ್ರೋಟೀನುಗಳು ಪ್ಲೇಟ್ಲೆಟ್‌ಗಳಲ್ಲಿ ಇರುವುದು ನಿಜ. ಇದರಲ್ಲಿ ಸ್ಟೆಮ್ ಸೆಲ್ ಏನೂ ಇಲ್ಲ. ಕೆಲವು ಕ್ಲಿನಿಕ್ಕುಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಈ ಮಾತು ಸ್ಪಷ್ಟ ಇರಲಿ.

ಇದನ್ನು ಚೆನ್ನಾಗಿ ಪರೀಕ್ಷಿಸಿದ ಪ್ರಯೋಗ ಆಸ್ಟ್ರೇಲಿಯಾದಲ್ಲಿ ನಡೆಯಿತು. 2021ರ ನವೆಂಬರಿನಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. 50 ದಾಟಿದ, ಮಂಡಿ ಒಂದು ಮಟ್ಟಿಗೆ ಸವೆದ 288 ಜನ. ಎಲ್ಲರಿಂದಲೂ ರಕ್ತ ತೆಗೆದರು. ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಅರ್ಧದಷ್ಟು ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್, ಅಂದರೆ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಚುಚ್ಚಿದ ವೈದ್ಯರಿಗೂ ಗೊತ್ತಿಲ್ಲ. ಒಂದು ವರ್ಷದ ನಂತರ ನೋಡಿದರೆ, ಹತ್ತರ ಅಳತೆಯಲ್ಲಿ ಪಿಆರ್‌ಪಿ ಪಡೆದವರ ನೋವು ಸರಾಸರಿ 2.1 ಇಳಿದಿತ್ತು. ಉಪ್ಪುನೀರು ಪಡೆದವರದು 1.8 ಇಳಿದಿತ್ತು. ಎಂಆರ್‌ಐಯಲ್ಲಿ ಕಾರ್ಟಿಲೇಜಿನ ಗಾತ್ರ ಅಳೆದರೆ ಎರಡೂ ಗುಂಪಿನಲ್ಲಿ ಅದು ಶೇಕಡಾ ಒಂದನ್ನು ತುಸು ಮೀರಿ ಇಳಿದಿತ್ತು. ಬೆಳೆದಿರಲಿಲ್ಲ. ಸವೆತ ನಿಂತೂ ಇರಲಿಲ್ಲ.

ಆ 1.8ನ್ನು ಸ್ವಲ್ಪ ಹೊತ್ತು ನೋಡಬೇಕು. ಉಪ್ಪುನೀರು ಚುಚ್ಚಿಸಿಕೊಂಡವರಿಗೂ ನಿಜವಾಗಿ ಆರಾಮ ಸಿಕ್ಕಿದೆ. ಅವರು ನಟಿಸಲಿಲ್ಲ. ನೋವು ತೀರಾ ಜಾಸ್ತಿಯಾದಾಗಲೇ ನಾವು ಡಾಕ್ಟರ ಹತ್ತಿರ ಹೋಗುವುದು. ಅಂಥ ತುದಿ ತಲುಪಿದ ನೋವು ಕೆಲವು ವಾರಗಳಲ್ಲಿ ತಾನಾಗಿಯೂ ಇಳಿಯುತ್ತದೆ. ಯಾರೋ ಗಮನ ಕೊಟ್ಟು ನೋಡಿದರು, ಸೂಜಿ ಚುಚ್ಚಿದರು ಎಂಬ ನಂಬಿಕೆಯೂ ಮಿದುಳಿನಲ್ಲಿ ನೋವಿನ ತೀವ್ರತೆ ಇಳಿಸುತ್ತದೆ. ಹಾಗಾಗಿ 'ನಮ್ಮ ಪಕ್ಕದ ಮನೆಯವರಿಗೆ ಪಿಆರ್‌ಪಿಯಿಂದ ಗುಣವಾಯಿತು' ಎಂಬ ಮಾತು ಸುಳ್ಳಲ್ಲ. ಗುಣವಾದದ್ದು ಪಿಆರ್‌ಪಿಯಿಂದಲೇ ಎಂಬುದು ಮಾತ್ರ ಆ ಮಾತಿನಿಂದ ಸಾಬೀತಾಗುವುದಿಲ್ಲ. ಉಪ್ಪುನೀರಿನ ಗುಂಪು ಇಟ್ಟುಕೊಂಡು ಹೋಲಿಸುವುದು ಇದೇ ಕಾರಣಕ್ಕೆ. ಅದೇ ವರ್ಷ ಕಾಲಿನ ಹರಡಿನ ಸವೆತದ ಮೇಲೆ 100 ಜನರಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲೂ ಪಿಆರ್‌ಪಿ ಉಪ್ಪುನೀರನ್ನು ಮೀರಿಸಲಿಲ್ಲ.

ಇನ್ನೊಂದು ಪಕ್ಷದ ವಾದವನ್ನೂ ಹೇಳಬೇಕು. ಪಿಆರ್‌ಪಿಯನ್ನು ನಂಬುವ ವೈದ್ಯರು ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಪ್ಲೇಟ್ಲೆಟ್ ಸಾಂದ್ರತೆ ಕಡಿಮೆ ಇತ್ತು ಎನ್ನುತ್ತಾರೆ. ಸರಿಯಾದ ಪ್ರಮಾಣ ಕೊಟ್ಟರೆ ಕೆಲಸ ಮಾಡುತ್ತದೆ ಎಂಬುದು ಅವರ ನಿಲುವು. ಚಿಕ್ಕ ಚಿಕ್ಕ ಪ್ರಯೋಗಗಳನ್ನು ಸೇರಿಸಿ ನೋಡಿದ ಕೆಲವು ವಿಶ್ಲೇಷಣೆಗಳಲ್ಲಿ, ಕೀಲು ನುಣುಪಾಗಿಸಲು ಕೊಡುವ ಹಯಲುರಾನಿಕ್ ಆಸಿಡ್ಡಿನ ಜೆಲ್ ಇಂಜೆಕ್ಷನ್ನಿಗಿಂತ ಪಿಆರ್‌ಪಿ ಸ್ವಲ್ಪ ವಾಸಿ ಎಂದೂ ಕಂಡಿದೆ. ವೈದ್ಯರ ಸಂಘಗಳಲ್ಲೇ ಒಮ್ಮತ ಇಲ್ಲ. ಅಮೆರಿಕದ ಮೂಳೆತಜ್ಞರ ಅಕಾಡೆಮಿ 2021ರಲ್ಲಿ ನೋವು ಇಳಿಸಬಹುದು ಎಂದು ಅರೆಮನಸ್ಸಿನ ಒಪ್ಪಿಗೆ ಕೊಟ್ಟಿತು. ಅಲ್ಲಿನ ಕೀಲುವಾತ ತಜ್ಞರ ಕಾಲೇಜು 2019ರಲ್ಲಿ ಮಂಡಿಗೆ ಪಿಆರ್‌ಪಿ ಬೇಡ, ಸ್ಟೆಮ್ ಸೆಲ್ಲೂ ಬೇಡ ಎಂದು ಬಲವಾಗಿಯೇ ಹೇಳಿತು.

ಪ್ರಮಾಣದ ವಾದದಲ್ಲಿ ಹುರುಳಿರಬಹುದು. ಆದರೆ ಅದೇ ವಾದ ಕ್ಲಿನಿಕ್ಕುಗಳ ವಿರುದ್ಧವೂ ನಿಲ್ಲುತ್ತದೆ. ಇಲ್ಲಿ ಒಂದು ಕಡೆ ಒಂದು ಕಿಟ್, ಇನ್ನೊಂದು ಕಡೆ ಇನ್ನೊಂದು. ಎಷ್ಟು ರಕ್ತ ತೆಗೆದರು, ಎಷ್ಟು ಹೊತ್ತು ತಿರುಗಿಸಿದರು, ಕೊನೆಗೆ ಎಷ್ಟು ಪ್ಲೇಟ್ಲೆಟ್ ಸಿಕ್ಕವು ಎಂದು ಎಣಿಸಿ ಬರೆದುಕೊಡುವವರು ಎಷ್ಟು ಜನ? ಪ್ರಮಾಣ ಅಷ್ಟು ಮುಖ್ಯ ಎಂದಾದರೆ ಆ ಸಂಖ್ಯೆ ರೋಗಿಯ ಚೀಟಿಯಲ್ಲಿ ಇರಬೇಕು, ಅಲ್ವಾ?

ಸ್ಟೆಮ್ ಸೆಲ್: ಲ್ಯಾಬಿನದು ಬೇರೆ, ಕ್ಲಿನಿಕ್ಕಿನದು ಬೇರೆ

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ತಿರುಗಿಸಿ, ಅದೇ ದಿನ ಮಂಡಿಗೆ ಚುಚ್ಚುವುದನ್ನು ಹಲವರು ಸ್ಟೆಮ್ ಸೆಲ್ ಥೆರಪಿ ಎನ್ನುತ್ತಾರೆ. ಆ ಮಜ್ಜೆಯಲ್ಲಿ ಬೇಕಾದ ಸ್ಟೆಮ್ ಸೆಲ್ ಹತ್ತು ಸಾವಿರ ಕೋಶಕ್ಕೆ ಒಂದು ಸಿಕ್ಕರೆ ಹೆಚ್ಚು. ಹೊಟ್ಟೆಯ ಕೊಬ್ಬಿನಿಂದ ತೆಗೆಯುವುದು ಇನ್ನೊಂದು ದಾರಿ. ಹೊಕ್ಕುಳಬಳ್ಳಿಯಿಂದ ತೆಗೆದ ಕೋಶ ಮೂರನೆಯದು. ಅಮೆರಿಕದಲ್ಲಿ ಈ ಮೂರನ್ನೂ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿ, ಸುಮಾರು 480 ಜನರಲ್ಲಿ ದೊಡ್ಡ ಪ್ರಯೋಗ ಮಾಡಿದರು. ಫಲಿತಾಂಶ 2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ನಂತರ ನೋವಿನ ಲೆಕ್ಕದಲ್ಲಿ ಮೂರರಲ್ಲಿ ಯಾವುದೂ ಸ್ಟಿರಾಯ್ಡಿಗಿಂತ ಮೇಲಾಗಿರಲಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಎಲ್ಲ ಕಡೆ ಸಿಗುವ ಅಗ್ಗದ ಔಷಧ. ಸ್ಟೆಮ್ ಸೆಲ್ ಪ್ಯಾಕೇಜ್ ಲಕ್ಷಗಳಿಗೆ ಹೋಗುತ್ತದೆ.

ಈಗ ನಮ್ಮದೇ ಊರಿನ ಕಥೆಗೆ ಬರೋಣ. ಮಣಿಪಾಲ ಸಮೂಹದಿಂದ ಹುಟ್ಟಿದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಮಾಡಿದ್ದು ಬೇರೆಯ ಕೆಲಸ. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಗುಣಮಟ್ಟ ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಇಡುವ ಉತ್ಪನ್ನ ಸ್ಟೆಂಪ್ಯೂಸೆಲ್. ಮಂಡಿಗೆ ಒಂದೇ ಸಲ 2.5 ಕೋಟಿ ಕೋಶಗಳ ಇಂಜೆಕ್ಷನ್. 146 ಜನರಲ್ಲಿ ಮೂರನೇ ಹಂತದ ಪ್ರಯೋಗ ನಡೆಯಿತು. ಪ್ಲಾಸಿಬೊ, ಅಂದರೆ ಕೋಶವಿಲ್ಲದ ಹುಸಿ ಇಂಜೆಕ್ಷನ್, ಪಡೆದವರಿಗಿಂತ ಕೋಶ ಪಡೆದವರಿಗೆ ಒಂದು ವರ್ಷದವರೆಗೆ ನೋವು ಮತ್ತು ಬಿಗಿತ ಹೆಚ್ಚು ಇಳಿದಿತ್ತು. 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಮಂಡಿಸವೆತಕ್ಕೆ ಒಪ್ಪಿಗೆ ಕೊಟ್ಟರು.

ನನಗೆ ಇದು ಹೆಮ್ಮೆಯ ವಿಷಯ. ಪ್ರಾಣಿಗಳಿಂದ ಶುರುಮಾಡಿ, ಹಂತ ಹಂತವಾಗಿ, ಲೆಕ್ಕ ಕೊಟ್ಟು, ಒಪ್ಪಿಗೆ ಪಡೆದು ಮಾರುಕಟ್ಟೆಗೆ ಬಂದ ದಾರಿ ಇದು. ಆದರೆ ಇದು ಏನನ್ನು ತೋರಿಸಿದೆ, ಏನನ್ನು ತೋರಿಸಿಲ್ಲ ಎಂಬುದೂ ಅಷ್ಟೇ ಮುಖ್ಯ. ಪ್ರಯೋಗದಲ್ಲಿದ್ದವರು ಎರಡು ಮತ್ತು ಮೂರನೇ ದರ್ಜೆಯ ಸವೆತದವರು. ಮೂಳೆಗೆ ಮೂಳೆ ಉಜ್ಜುವ ನಾಲ್ಕನೇ ದರ್ಜೆಯವರಲ್ಲ. ಎಂಆರ್‌ಐಯಲ್ಲಿ ಕೋಶ ಪಡೆದವರ ಕಾರ್ಟಿಲೇಜಿನ ಗುಣಮಟ್ಟ ಕೆಡದೆ ಉಳಿದಿತ್ತು ಎಂದು ಕಂಡಿದೆ. ಕೆಡದೆ ಉಳಿಯುವುದು ಒಳ್ಳೆಯ ಸುದ್ದಿಯೇ. ಹೊಸದಾಗಿ ಬೆಳೆಯಿತು ಎಂದು ಅದರರ್ಥವಲ್ಲ. 146 ಜನ, ಒಂದು ವರ್ಷ ಎಂಬುದು ಇನ್ನೂ ಚಿಕ್ಕ ಲೆಕ್ಕ. ಐದು ವರ್ಷದ ನಂತರ ಎಷ್ಟು ಜನ ಆಪರೇಷನ್ ತಪ್ಪಿಸಿಕೊಂಡರು ಎಂಬುದಕ್ಕೆ ಉತ್ತರ ಬೇಕು.

ಇನ್ನೊಂದು ಚಿಕಿತ್ಸೆಯೂ ಇದೆ. ರೋಗಿಯ ಕಾರ್ಟಿಲೇಜಿನಿಂದಲೇ ಚೂರು ತೆಗೆದು, ಕೋಶ ಬೆಳೆಸಿ, ಮತ್ತೆ ಕೂರಿಸುವುದು. ಸ್ವೀಡನ್ನಿನ ವೈದ್ಯರು ಇದರ ಮೊದಲ ವರದಿಯನ್ನು 1994ರಲ್ಲೇ ಕೊಟ್ಟರು. ಆಟವಾಡುವಾಗಲೋ ಬೈಕಿನಿಂದ ಬಿದ್ದೋ ಕಾರ್ಟಿಲೇಜಿನಲ್ಲಿ ಒಂದೇ ಕಡೆ ಗುಂಡಿ ಬಿದ್ದ ಎಳೆಯ ವಯಸ್ಸಿನವರಿಗೆ ಇದು ಹೊಂದುತ್ತದೆ. ಸುತ್ತಲೂ ಗಟ್ಟಿ ಅಂಚು ಇರುವುದರಿಂದ ಕೋಶ ಅಲ್ಲಿ ನಿಲ್ಲುತ್ತದೆ. ವಯಸ್ಸಾಗಿ ಇಡೀ ಕೀಲು ಸವೆದವರಿಗೆ ಹೀಗೆ ಮಾಡಹೋದರೆ ಬಂಡೆಯ ಮೇಲೆ ಬೀಜ ಚೆಲ್ಲಿದ ಹಾಗೆ.

ಕಾನೂನಿನ ಸಂದು

ಒಪ್ಪಿಗೆ ಪಡೆದ ಉತ್ಪನ್ನ ಒಂದು ಕಡೆ, ಏನೂ ಪಡೆಯದ ಚಿಕಿತ್ಸೆ ಇನ್ನೊಂದು ಕಡೆ. ಎರಡೂ ಒಂದೇ ಬೀದಿಯಲ್ಲಿ ಹೇಗೆ ನಡೆಯುತ್ತಿವೆ?

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಸ್ಟೆಮ್ ಸೆಲ್‌ನಿಂದ ತಯಾರಾದ ಉತ್ಪನ್ನ ಯಾವತ್ತಿಗೂ 'ಹೊಸ ಔಷಧ'ವೇ. ಪ್ರಯೋಗ, ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಆದರೆ ಆ ವ್ಯಾಖ್ಯೆಗೆ ಒಂದು ಷರತ್ತಿದೆ. ಕೋಶವನ್ನು ಗಣನೀಯವಾಗಿ ಬದಲಿಸಿದ್ದರೆ, ಲ್ಯಾಬಿನಲ್ಲಿ ಬೆಳೆಸಿದ್ದರೆ ಮಾತ್ರ ಅದು ಅನ್ವಯ. ತೊಳೆಯುವುದು, ಕತ್ತರಿಸುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವುದು ಅಂಥ ಬದಲಾವಣೆ ಅಲ್ಲ ಎಂದು ನಿಯಮದ ವಿವರಣೆಯೇ ಹೇಳುತ್ತದೆ. ಅಂದರೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ಕೋಶ ಬೆಳೆಸುವ ಕಂಪನಿ ಪ್ರತಿ ಹೆಜ್ಜೆಗೂ ಲೆಕ್ಕ ಕೊಡಬೇಕು. ಮಜ್ಜೆ ತೆಗೆದು, ತಿರುಗಿಸಿ, ಮಧ್ಯಾಹ್ನದೊಳಗೆ ಚುಚ್ಚುವ ಕ್ಲಿನಿಕ್ಕು ಈ ಸಂದಿನಲ್ಲಿ ನುಸುಳಿಕೊಳ್ಳಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಲ್ಲಿ ಈ ಸಂದು ಇಲ್ಲ. ರಕ್ತಸಂಬಂಧಿ ರೋಗಗಳ ಅಸ್ಥಿಮಜ್ಜೆ ಕಸಿ ಬಿಟ್ಟರೆ, ರೋಗಿಯ ಮೇಲೆ ಸ್ಟೆಮ್ ಸೆಲ್ ಬಳಸುವುದೆಲ್ಲ ನೋಂದಾಯಿತ ಪ್ರಯೋಗದ ಒಳಗೇ ಆಗಬೇಕು ಎಂದು ಅದು ಹೇಳುತ್ತದೆ. ಔಷಧವಾಗಿ ಒಪ್ಪಿಗೆ ಪಡೆದದ್ದರ ಮಾತು ಬೇರೆ. ಆದರೆ ಮಾರ್ಗಸೂಚಿಗೆ ಕಾನೂನಿನಷ್ಟು ಹಲ್ಲಿಲ್ಲ. ಪ್ರಾಮಾಣಿಕವಾಗಿ ನಡೆದುಕೊಳ್ಳುವವರಿಗೆ ಕಷ್ಟ, ಅಡ್ಡದಾರಿ ಹಿಡಿಯುವವರಿಗೆ ಸಲೀಸು ಎಂಬ ಈ ಸ್ಥಿತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಮುಖದ ಮಾತು

ಚರ್ಮದ ವಿಷಯದಲ್ಲಿ ಪುರಾವೆ ಇನ್ನೂ ತೆಳು. ಅಮೆರಿಕದ ಚರ್ಮತಜ್ಞರು 2018ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟಿಸಿದರು. 27 ಜನರಿಗೆ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದು ಕೆನ್ನೆಗೆ ಉಪ್ಪುನೀರು. ಆರು ತಿಂಗಳ ನಂತರ, ಯಾವ ಕಡೆ ಏನು ಎಂದು ಗೊತ್ತಿಲ್ಲದ ವೈದ್ಯರು ನೋಡಿದಾಗ ಸುಕ್ಕು, ಕಲೆ, ಒರಟುತನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚುಚ್ಚಿಸಿಕೊಂಡವರಿಗೆ ಮಾತ್ರ ಪಿಆರ್‌ಪಿ ಕೆನ್ನೆಯೇ ಚೆನ್ನಾಗಿದೆ ಎನಿಸಿತು. ಸೌಂದರ್ಯದ ಮಟ್ಟಿಗೆ ಅವರಿಗೆ ಅನಿಸಿದ್ದಕ್ಕೂ ಒಂದು ಬೆಲೆ ಇದೆ ಎಂದು ಒಪ್ಪುತ್ತೇನೆ. ಆದರೆ ಅದನ್ನು ಹೊಸ ಚರ್ಮ ಎಂದು ಕರೆಯಲಾಗದು.

ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಪಿಆರ್‌ಪಿ ಜೊತೆ ಮೈಕ್ರೋನೀಡ್ಲಿಂಗ್ ಮಾಡುತ್ತಾರೆ. ಸಣ್ಣ ಸೂಜಿಗಳಿಂದ ಚರ್ಮ ಚುಚ್ಚಿದರೆ ಅದು ಮಾಯುವಾಗ ತಾನೇ ಒಂದಷ್ಟು ಕೊಲಾಜನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನು, ಕಟ್ಟಿಕೊಳ್ಳುತ್ತದೆ. ಮೊಡವೆಯ ಗುಳಿಗಳಿಗೆ ಅದರಿಂದ ಉಪಯೋಗ ಇದೆ. ಎರಡನ್ನೂ ಒಟ್ಟಿಗೆ ಮಾಡಿ ಹೊಳಪು ಬಂದರೆ, ಬಂದದ್ದು ಸೂಜಿಯಿಂದಲೋ ರಕ್ತದಿಂದಲೋ ಹೇಳುವುದು ಹೇಗೆ?

ಇತ್ತೀಚಿನ ಅಲೆ ಎಕ್ಸೋಸೋಮ್. ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಹೊರಬಿಡುವ ತೀರಾ ಸಣ್ಣ ಚೀಲಗಳಿವು, ಒಂದು ಮೀಟರಿನ ನೂರು ಕೋಟಿ ಪಾಲಿನಲ್ಲಿ ಮೂವತ್ತರಿಂದ ನೂರೈವತ್ತು ಪಾಲಿನಷ್ಟು. ವಿಜ್ಞಾನಿಗಳಿಗೆ ಇವುಗಳ ಬಗ್ಗೆ ಅಪಾರ ಕುತೂಹಲ ಇದೆ, ಅದು ಸರಿಯೇ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಲ್ಲಿಯವರೆಗೆ ಒಂದೇ ಒಂದು ಎಕ್ಸೋಸೋಮ್ ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ. 2019ರ ಡಿಸೆಂಬರಿನಲ್ಲಿ, ನೆಬ್ರಾಸ್ಕಾದಲ್ಲಿ ಇವನ್ನು ಪಡೆದವರಿಗೆ ತೀವ್ರ ತೊಂದರೆಯಾದ ಮೇಲೆ, ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಮೇಲೆ ಹಚ್ಚುವ ಸೌಂದರ್ಯವರ್ಧಕ ಎಂದು ಆಮದಾದ ಬಾಟಲಿಯನ್ನು ಚರ್ಮದೊಳಗೆ ಚುಚ್ಚುವುದು ಬೇರೆಯೇ ಕೆಲಸ. ಸಾಲ್ಮನ್ ಮೀನಿನ ವೀರ್ಯದ ಡಿಎನ್‌ಎಯಿಂದ ಮಾಡಿದ ಕೊರಿಯಾದ ಇಂಜೆಕ್ಷನ್ನುಗಳ ಬಗ್ಗೆಯೂ ಇದೇ ಎಚ್ಚರ ಬೇಕು.

'ನಿಮ್ಮದೇ ರಕ್ತ, ನಿಮ್ಮದೇ ಕೋಶ, ಅಡ್ಡಪರಿಣಾಮ ಎಲ್ಲಿಂದ ಬರುತ್ತೆ?' ಎಂದು ಕೇಳುತ್ತಾರೆ. ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇದೆ. ಅಮೆರಿಕದ ನ್ಯೂಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ 2018ರಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಎಚ್‌ಐವಿ ತಗುಲಿತು. ಒಮ್ಮೆ ಬಳಸಿ ಎಸೆಯಬೇಕಾದದ್ದನ್ನು ಅಲ್ಲಿ ಮತ್ತೆ ಬಳಸುತ್ತಿದ್ದರು. ಹೆಸರು ಬರೆಯದ ರಕ್ತದ ಟ್ಯೂಬುಗಳು ಅಡುಗೆಕೋಣೆಯ ಫ್ರಿಜ್ಜಿನಲ್ಲಿ ಊಟದ ಪಕ್ಕ ಇದ್ದವು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಹಿಳೆಯ ಕಣ್ಣಿನ ಸುತ್ತ ಕೊಬ್ಬಿನ ಸ್ಟೆಮ್ ಸೆಲ್ ಚುಚ್ಚಿದರು. ಅದೇ ಜಾಗಕ್ಕೆ ಸುಕ್ಕು ತುಂಬಲು ಬಳಸುವ, ಕ್ಯಾಲ್ಸಿಯಂ ಇರುವ ಫಿಲ್ಲರನ್ನೂ ಹಾಕಿದ್ದರು. ಮೂರು ತಿಂಗಳಲ್ಲಿ ರೆಪ್ಪೆಯೊಳಗೆ ಮೂಳೆಯ ಚೂರು ಬೆಳೆದವು. ಸ್ಟೆಮ್ ಸೆಲ್ ಮೂಳೆಯಾಗಬಲ್ಲದು ಎಂಬುದನ್ನು ಯಾರೂ ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫ್ಲಾರಿಡಾದಲ್ಲಿ ವಯಸ್ಸಾದ ಮೂವರು ಹೆಂಗಸರು ದುಡ್ಡು ಕೊಟ್ಟು ಎರಡೂ ಕಣ್ಣಿಗೆ ತಮ್ಮದೇ ಕೊಬ್ಬಿನ ಕೋಶ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು. 2018ರಲ್ಲಿ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನವನ್ನು ಕೀಲಿಗೆ, ಬೆನ್ನಿಗೆ ಹಾಕಿಸಿಕೊಂಡ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು.

ಮುಖದ ಚರ್ಮಕ್ಕೆ ಗಟ್ಟಿ ಪುರಾವೆ ಇರುವುದು ಬೇರೆಯದಕ್ಕೆ. ಆಸ್ಟ್ರೇಲಿಯಾದ ನ್ಯಾಂಬರ್ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು ಶೇ. 24ರಷ್ಟು ಕಡಿಮೆ ಇತ್ತು. ಚರ್ಮತಜ್ಞರು ಬರೆದುಕೊಡುವ ಟ್ರೆಟಿನಾಯಿನ್ ಕ್ರೀಮಿಗೂ ದಶಕಗಳ ಪುರಾವೆ ಇದೆ. ಬಸುರಿಯರು ಮಾತ್ರ ಅದನ್ನು ಬಳಸಬಾರದು.

ದುಡ್ಡು ಎಲ್ಲಿಗೆ ಹೋಗಬೇಕು

ಮಂಡಿಗೂ ಹೀಗೇ. ನಡೆಯುವಾಗ ದೇಹದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ತೂಕ ಜಾಸ್ತಿ ಇದ್ದ 454 ಜನರಲ್ಲಿ, ಊಟ ಮತ್ತು ವ್ಯಾಯಾಮ ಎರಡನ್ನೂ ಸರಿಮಾಡಿಕೊಂಡವರ ನೋವು ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2020ರಲ್ಲಿ 156 ಜನರ ಇನ್ನೊಂದು ಪ್ರಯೋಗ ಬಂತು. ಅದರಲ್ಲಿ ಫಿಸಿಯೋಥೆರಪಿ ಮಾಡಿದವರು ಸ್ಟಿರಾಯ್ಡ್ ಚುಚ್ಚಿಸಿಕೊಂಡವರಿಗಿಂತ ಒಂದು ವರ್ಷದ ನಂತರ ಚೆನ್ನಾಗಿದ್ದರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ಆ ವ್ಯಾಯಾಮಗಳಿಗೆ ಜಾಹೀರಾತು ಕೊಡುವವರು ಯಾರೂ ಇಲ್ಲ. ಅದರಿಂದ ಯಾರಿಗೂ ಲಕ್ಷ ಸಿಗುವುದಿಲ್ಲ.

ತೀರಾ ಸವೆದ ಮಂಡಿಗೆ ಆಪರೇಷನ್ನನ್ನು ಸುಮ್ನೆ ಭೂತ ಮಾಡಬೇಕಾಗಿಯೂ ಇಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿನ ಬೆಲೆ ಸರಾಸರಿ ₹1.58 ಲಕ್ಷದಿಂದ ₹54,720ಕ್ಕೆ ಇಳಿಯಿತು. ಆಸ್ಪತ್ರೆಯ ಖರ್ಚು ಬೇರೆ ಇರುತ್ತದೆ. ಆದರೂ ನಾಲ್ಕನೇ ದರ್ಜೆಯ ಮಂಡಿಗೆ ವರ್ಷ ವರ್ಷ ಇಂಜೆಕ್ಷನ್ ಹಾಕಿಸಿ ಕೊನೆಗೆ ಆಪರೇಷನ್ನಿಗೇ ಬರುವುದರಲ್ಲಿ ಅರ್ಥವಿಲ್ಲ.

ಇಷ್ಟಾದ ಮೇಲೂ ಯಾರಾದರೂ ಪಿಆರ್‌ಪಿ ಮಾಡಿಸಿಕೊಳ್ಳುತ್ತೇನೆ ಎಂದರೆ ನಾನು ತಡೆಯುವುದಿಲ್ಲ. ಶುರುವಿನ ಹಂತದ ಸವೆತಕ್ಕೆ, ಒಳ್ಳೆಯ ಮೂಳೆತಜ್ಞರ ಕೈಯಲ್ಲಿ, ನೋವು ಇಳಿಯಬಹುದು ಎಂಬ ನಿರೀಕ್ಷೆಯಿಂದ ಮಾಡಿಸಿದರೆ ಅದು ತಿಳಿದು ಮಾಡಿದ ಆಯ್ಕೆ. ಅದಕ್ಕೆ ಮೊದಲು ಒಂದು ಮಾತು ನೇರವಾಗಿ ಕೇಳಿ: ಕಾರ್ಟಿಲೇಜ್ ಬೆಳೆಯುತ್ತದೆ ಎನ್ನುತ್ತೀರಲ್ಲ, ನಿಮ್ಮ ರೋಗಿಗಳಲ್ಲಿ ಅದನ್ನು ಅಳೆದಿದ್ದೀರಾ? ಸ್ಟೆಮ್ ಸೆಲ್ ಎಂದರೆ ಉತ್ಪನ್ನದ ಹೆಸರು, ಬ್ಯಾಚ್ ನಂಬರ್, ಕೇಂದ್ರದ ಒಪ್ಪಿಗೆ ಕೇಳಿ. ಇದು ಪ್ರಯೋಗ ಎಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣದಲ್ಲಿ ಅದರ ಸಂಖ್ಯೆ ಹುಡುಕಿ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಿಜವಾದ ಪ್ರಯೋಗವಾದರೆ ಪರೀಕ್ಷಿಸುತ್ತಿರುವ ಔಷಧಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ತೊಂದರೆಯಾದರೆ ಪರಿಹಾರ ಕೊಡುವ ನಿಯಮವೂ ಇದೆ. 'ಪ್ರಯೋಗ' ಎಂದು ಹೇಳಿ ಬಿಲ್ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವ ಹಾಗೆ ಹಾಕಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವ್ಯವಸ್ಥೆ ಇದೆ, ಅದರ ಕೈಯಲ್ಲಿ ಮಾಹಿತಿ ಇಲ್ಲ. ಸ್ವೀಡನ್ ದೇಶ 1975ರಿಂದ ಬದಲಿ ಮಂಡಿ ಹಾಕಿಸಿಕೊಂಡವರ ದಾಖಲೆ ಇಡುತ್ತಾ ಬಂದಿದೆ. ಯಾವ ಇಂಪ್ಲಾಂಟ್ ಎಷ್ಟು ವರ್ಷ ಬಾಳಿತು ಎಂದು ಅಲ್ಲಿ ಲೆಕ್ಕ ಸಿಗುತ್ತದೆ. ನಮ್ಮ ಆರೋಗ್ಯ ಇಲಾಖೆ ಕೀಲಿಗೂ ಮುಖಕ್ಕೂ ಚುಚ್ಚುವ ಈ ಚಿಕಿತ್ಸೆಗಳಿಗೆ ಅಂಥದೇ ದಾಖಲೆಯನ್ನು ನೋಂದಣಿಯ ಷರತ್ತಾಗಿ ಮಾಡಬೇಕು. ಏನು ಚುಚ್ಚಿದರು, ಎಷ್ಟು ಚುಚ್ಚಿದರು, ಎಷ್ಟು ದುಡ್ಡು ತೆಗೆದುಕೊಂಡರು, ಒಂದು ವರ್ಷದ ನಂತರ ಆ ರೋಗಿ ಹೇಗಿದ್ದಾರೆ ಎಂಬ ನಾಲ್ಕು ಕಾಲಂ ಇದ್ದರೂ ಶುರುವಿಗೆ ಸಾಕು.